ಹಳೇ ಕಾರಿಗೆ ಹೊಸ ಟ್ಯಾಂಕು

ಹಳೇ ಕಾರಿನ ಪೆಟ್ರೋಲ್ ಟ್ಯಾಂಕ್ ತೂತು ಬಿದ್ದಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ‘ಇದಕ್ಕೆ ಯಾವ ಗಾಡಿ ಟ್ಯಾಂಕ್ ಕೂರುತ್ತೆ? ಎಷ್ಟು ಲೀಟರ್ ಹಿಡಿಯುತ್ತೆ?’ ಕೂರಿಸುವುದೇನೂ ಕಷ್ಟವಲ್ಲ. ಕಬ್ಬಿಣದ ಪಟ್ಟಿ ಬಿಗಿದರೆ ಯಾವುದಾದರೂ ಕೂತೀತು. ಕೂತ ಮೇಲೆ ಅದರಿಂದ ಪೆಟ್ರೋಲ್ ಹೊರಬರಬೇಕು, ಹೊರಬಂದಷ್ಟು ಜಾಗಕ್ಕೆ ಗಾಳಿ ಒಳಹೋಗಬೇಕು, ಒಳಗೆಷ್ಟು ಉಳಿದಿದೆ ಎಂದು ಡ್ಯಾಶ್‌ಬೋರ್ಡಿನ ಮುಳ್ಳು ನಿಜ ಹೇಳಬೇಕು. ಟ್ಯಾಂಕ್ ಬದಲಿಸಿದವರು ಎಡವುವುದು ಈ ಮೂರರಲ್ಲಿ, ಅದರಲ್ಲೂ ಹೆಚ್ಚಾಗಿ ನಡುವಿನದರಲ್ಲಿ.

ಟ್ಯಾಂಕಿನ ಪರಿಚಯ ಬೇಗ ಮುಗಿಸೋಣ. ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು, ತುಕ್ಕು ತಡೆಯಲು ಅದಕ್ಕೆ ಸೀಸ-ತವರದ ಲೇಪ, ಅಂಚುಗಳಲ್ಲಿ ಬೆಸುಗೆ. ಒಳಗೆ ಅಡ್ಡತಟ್ಟೆಗಳಿರುತ್ತವೆ. 40 ಲೀಟರ್ ಪೆಟ್ರೋಲ್ ಎಂದರೆ ಹತ್ತಿರ ಹತ್ತಿರ 30 ಕಿಲೋ ಭಾರ. ಬ್ರೇಕ್ ಒತ್ತಿದಾಗ ಅದೆಲ್ಲ ಒಂದೇ ಕಡೆ ನುಗ್ಗದಂತೆ ಈ ತಟ್ಟೆಗಳು ತಡೆಯುತ್ತವೆ. ಪೆಟ್ರೋಲ್ ಎಳೆಯುವ ಕೊಳವೆ ತಳಕ್ಕೆ ಮುಟ್ಟದೆ ಒಂದು ಬೆರಳಿನಷ್ಟು ಮೇಲೆ ನಿಲ್ಲುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ, ತುಕ್ಕಿನ ಚೂರೂ ಅಲ್ಲೇ ಕೂರುತ್ತದೆ. ಟ್ಯಾಂಕು ಹೆಚ್ಚಾಗಿ ತಳದಿಂದ ಕೊಳೆಯುವುದೂ ಅದಕ್ಕೇ.

ಹುಡುಕಾಟಕ್ಕೆ ಹೊರಡುವ ಮೊದಲು ನಿಮ್ಮ ಕಾರಿಗೆ ಪೆಟ್ರೋಲ್ ಹೇಗೆ ಹರಿದು ಬರುತ್ತದೆ ಎಂದು ನೋಡಿಕೊಳ್ಳಿ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕ್ ಹೆಚ್ಚಾಗಿ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಪಂಪಿಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಇಳಿದು ಬರಬೇಕು. ಕಡಿದಾದ ಏರಿನಲ್ಲಿ ಎಂಜಿನ್ ಟ್ಯಾಂಕಿಗಿಂತ ಮೇಲಾಗಿಬಿಟ್ಟರೆ ಹರಿವು ನಿಲ್ಲುತ್ತಿತ್ತು. ಆಗ ಚಾಲಕರು ಕಾರು ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದರು! ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗದ ಸಂಗತಿ ಇದು. ಮುಂದೆ ಬಂದ ಮಾಡೆಲ್ ಎ ಕಾರಿನಲ್ಲಿ ಟ್ಯಾಂಕನ್ನು ಗಾಳಿಗಾಜಿನ ಮುಂದಕ್ಕೆ, ಎಂಜಿನ್ನಿಗಿಂತ ಎತ್ತರಕ್ಕೆ ತಂದರು. ಅಲ್ಲಿ ಟ್ಯಾಂಕೂ ಕಾರಿನ ಮೈಯೂ ಬೇರೆಬೇರೆಯಲ್ಲ, ಬೇರೆ ಗಾಡಿಯದನ್ನು ತಂದು ಹಾಕುವ ಮಾತೇ ಇಲ್ಲ. ಅದನ್ನು ಕೈಬಿಟ್ಟು ಡಿಕ್ಕಿಯಲ್ಲಿ ಟ್ಯಾಂಕ್ ಇಟ್ಟರೆ ಪಂಪ್ ಬೇಕಾಗುತ್ತದೆ. ಅರವತ್ತು ಸೆಂಟಿಮೀಟರ್ ಎತ್ತರದಿಂದ ಇಳಿಯುವ ಪೆಟ್ರೋಲಿನ ಒತ್ತಡ ಚದರ ಅಂಗುಲಕ್ಕೆ ಒಂದು ಪೌಂಡಿಗೂ ಕಡಿಮೆ. ಆ ಕಾರ್ಬುರೇಟರ್ ಅಷ್ಟಕ್ಕೇ ಒಗ್ಗಿಕೊಂಡದ್ದು. ಇಂದಿನ ಇಂಜೆಕ್ಷನ್ ಕಾರಿನ ಟ್ಯಾಂಕನ್ನು ಅದರ ಪಂಪಿನ ಸಮೇತ ತಂದು ಜೋಡಿಸಿದರೆ ಒತ್ತಡ ನಲವತ್ತು ಪೌಂಡ್ ದಾಟುತ್ತದೆ. ಕಾರ್ಬುರೇಟರಿನ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ.

ಈಗ ಗಾಳಿಯ ವಿಷಯಕ್ಕೆ ಬರೋಣ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬರುತ್ತದೆ, ಎದುರು ಮೂಲೆಗೆ ಇನ್ನೊಂದು ಹೊಡೆದರೆ ಧಾರೆಯಾಗಿ ಇಳಿಯುತ್ತದೆ. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಎರಡನೇ ತೂತು ಕಾರಿನ ವಿಷಯ ಬಂದಾಗ ಮರೆತೇಹೋಗುತ್ತದೆ. ಹಳೇ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಮುಚ್ಚಳದಲ್ಲೇ ಇರುತ್ತದೆ, ಸೂಜಿ ತೂರುವಷ್ಟು ಸಣ್ಣದು. ಕೆಲವು ಕಾರುಗಳಲ್ಲಿ ಟ್ಯಾಂಕಿನ ಮೇಲಿಂದ ಹೊರಟ ಸಣ್ಣ ಕೊಳವೆ ಆ ಕೆಲಸ ಮಾಡುತ್ತದೆ. ಬಣ್ಣ ಹೊಡೆಯುವಾಗ ಮುಚ್ಚಿಹೋಗುವುದು, ಕಣಜದ ಹುಳು ಮಣ್ಣು ಮೆತ್ತುವುದು, ಮುಚ್ಚಳ ಕಳೆದು ಬೇರೊಂದು ಹಾಕುವುದು, ಇವೆಲ್ಲ ಮಾಮೂಲು.

ತೂತು ಮುಚ್ಚಿದ್ದರೆ ಏನಾಗುತ್ತದೆ? ಟ್ಯಾಂಕಿನಲ್ಲಿ 10 ಲೀಟರ್ ಖಾಲಿ ಜಾಗವಿದೆ ಎನ್ನಿ. ಒಂದು ಲೀಟರ್ ಪೆಟ್ರೋಲ್ ಖರ್ಚಾದರೆ ಅದೇ ಗಾಳಿ 11 ಲೀಟರ್ ಜಾಗಕ್ಕೆ ಹಿಗ್ಗಬೇಕು, ಅದರ ಒತ್ತಡ ಹನ್ನೊಂದರಲ್ಲಿ ಒಂದು ಪಾಲು ಇಳಿಯುತ್ತದೆ. ಅದೇ ಟ್ಯಾಂಕ್ ಕಂಠಮಟ್ಟ ತುಂಬಿದ್ದು ಎರಡೇ ಲೀಟರ್ ಖಾಲಿ ಇದ್ದರೆ, ಅದೇ ಒಂದು ಲೀಟರ್ ಖರ್ಚಿಗೆ ಒತ್ತಡ ಮೂರರಲ್ಲೊಂದು ಪಾಲು ಕುಸಿಯುತ್ತದೆ. ಪೆಟ್ರೋಲಿನ ಆವಿ ಸ್ವಲ್ಪ ತುಂಬಿಕೊಡುವುದರಿಂದ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿರದು, ದಿಕ್ಕು ಮಾತ್ರ ಇದೇ. ಅಂದರೆ ಅರ್ಧ ಖಾಲಿ ಟ್ಯಾಂಕಿನಲ್ಲಿ ತಕರಾರಿಲ್ಲದೆ ಓಡುವ ಕಾರು, ಫುಲ್ ಮಾಡಿಸಿ ಹೊರಟ ಕೆಲವೇ ಕಿಲೋಮೀಟರಿಗೆ ನಿಂತುಬಿಡುತ್ತದೆ! ಮಾಲೀಕ ಬಂಕಿನವನನ್ನು ಬೈಯುತ್ತಾನೆ. ಬಾನೆಟ್ ಎತ್ತಿ ಇಣುಕಿ, ಯಾರನ್ನೋ ಕರೆಸುವಷ್ಟರಲ್ಲಿ ಸಂದುಗೊಂದುಗಳಿಂದ ಅಷ್ಟಿಷ್ಟು ಗಾಳಿ ನುಸುಳಿ ಕಾರು ಮತ್ತೆ ಸ್ಟಾರ್ಟ್ ಆಗುತ್ತದೆ. ಬಿಸಿಗೆ ಕಾಯಿಲ್ ಕೈಕೊಟ್ಟಿರಬೇಕು ಎಂದು ಕಾಯಿಲ್ ಬದಲಾಗುತ್ತದೆ, ಮುಂದಿನ ಸಲ ಕಂಡೆನ್ಸರ್, ಆಮೇಲೆ ಪಂಪು. ಕಾರು ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿವಿಗೊಡಿ. ‘ಸುಸ್ಸ್’ ಎಂದು ಗಾಳಿ ಒಳನುಗ್ಗಿದರೆ ರೋಗ ಸಿಕ್ಕಿತು, ಒಂದು ಪೈಸೆ ಖರ್ಚಿಲ್ಲ.

ಒತ್ತಡ ಹತ್ತರಲ್ಲೊಂದು ಪಾಲು ಇಳಿಯುವುದು ಸಣ್ಣ ವಿಷಯವಲ್ಲ. 60 ಸೆಂಟಿಮೀಟರ್ ಉದ್ದ, 40 ಅಗಲದ ತಗಡಿನ ಮೇಲೆ ಆಗ ಹೊರಗಿನ ಗಾಳಿ ಒತ್ತುವ ಬಲ ಸುಮಾರು 240 ಕಿಲೋ ತೂಕಕ್ಕೆ ಸಮ. ಮೂವರು ದಷ್ಟಪುಷ್ಟ ಆಳುಗಳು ಟ್ಯಾಂಕ್ ಮೇಲೆ ನಿಂತಂತಾಯಿತು. ಜೋರಾಗಿ ಎಳೆಯುವ ವಿದ್ಯುತ್ ಪಂಪ್ ಹಾಕಿದ ಟ್ಯಾಂಕುಗಳು ಒಳಕ್ಕೆ ಚಪ್ಪಟೆಯಾಗುವುದು ಹೀಗೆ.

ಇದರಿಂದ ಹುಡುಕಾಟಕ್ಕೆ ಒಂದು ಸುಳಿವು ಸಿಗುತ್ತದೆ. ಪೆಟ್ರೋಲ್ ಆವಿ ಊರ ಗಾಳಿ ಕೆಡಿಸುತ್ತದೆಂದು 1970ರ ಹೊತ್ತಿಗೆ ಮೊದಲು ಕ್ಯಾಲಿಫೋರ್ನಿಯಾ, ಆಮೇಲೆ ಇಡೀ ಅಮೆರಿಕ ಕಾನೂನು ತಂದಿತು. ಟ್ಯಾಂಕಿನ ಆವಿಯನ್ನು ಇದ್ದಿಲು ತುಂಬಿದ ಡಬ್ಬಿಗೆ ಹಾಯಿಸಿ, ಮುಚ್ಚಳದ ತೂತನ್ನು ಇಲ್ಲವಾಗಿಸಿದರು. ಆ ಪದ್ಧತಿಯ ಟ್ಯಾಂಕನ್ನು ಹಳೇ ಕಾರಿಗೆ ಹಾಕುವವರು ಡಬ್ಬಿಯ ಕಡೆ ಹೋಗುವ ಕೊಳವೆಯನ್ನು ‘ಇದ್ಯಾಕೆ ಬೇಕು’ ಎಂದು ಬೂಚು ಹಾಕಿ ಮುಚ್ಚುತ್ತಾರೆ. ಅಲ್ಲಿಗೆ ಉಸಿರು ಕಟ್ಟಿತು. ಡೀಸೆಲ್ ಗಾಡಿಯ ಟ್ಯಾಂಕಿನದು ತದ್ವಿರುದ್ಧ ಕಥೆ. ಇಂಜೆಕ್ಟರುಗಳಿಂದ ಮರಳಿ ಬರುವ ಎಣ್ಣೆಗೆ ಅಲ್ಲೊಂದು ಹೆಚ್ಚಿನ ಕೊಳವೆ ಇರುತ್ತದೆ, ಪೆಟ್ರೋಲ್ ಕಾರಿಗೆ ಹಾಕುವಾಗ ಅದನ್ನು ಮುಚ್ಚಲೇಬೇಕು. ಯಾವುದನ್ನು ಮುಚ್ಚಬೇಕು, ಯಾವುದನ್ನು ಕೂಡದು ಎಂದು ಬಾಯಲ್ಲಿ ಊದಿ ನೋಡಬೇಡಿ, ಹಳೇ ಪೆಟ್ರೋಲಿನಲ್ಲಿ ಸೀಸವೂ ಇದ್ದೀತು. ಸೈಕಲ್ ಪಂಪ್ ಸಾಕು.

ಮುಳ್ಳಿನ ಮಾತು ಚಿಕ್ಕದು. ತೇಲುವ ಬುರುಡೆ ಏರಿಳಿದಂತೆ ವಿದ್ಯುತ್ ತಡೆ ಬದಲಾಗುತ್ತದೆ, ಅದನ್ನೇ ಮೀಟರ್ ಓದುತ್ತದೆ. ಅಮೆರಿಕದಲ್ಲಿ 1960ರ ದಶಕದ ಕೊನೆಯ ಜನರಲ್ ಮೋಟರ್ಸ್ ಕಾರುಗಳಲ್ಲಿ ಖಾಲಿಗೆ 0, ತುಂಬಿದ್ದಕ್ಕೆ 90 ಓಮ್. ಅದೇ ಕಾಲದ ಫೋರ್ಡ್‌ಗಳಲ್ಲಿ ಖಾಲಿಗೆ 73, ತುಂಬಿದ್ದಕ್ಕೆ 10. ಒಂದರ ಟ್ಯಾಂಕನ್ನು ಇನ್ನೊಂದರ ಮೀಟರಿಗೆ ಜೋಡಿಸಿದರೆ ಪೆಟ್ರೋಲ್ ಮುಗಿದಾಗ ಮುಳ್ಳು ‘ಫುಲ್’ ಕಡೆ ತೋರಿಸುತ್ತದೆ. ಆಕಾರವೂ ದಾರಿ ತಪ್ಪಿಸುತ್ತದೆ. ಅಡ್ಡ ಮಲಗಿಸಿದ ಉರುಳೆ ಟ್ಯಾಂಕಿನಲ್ಲಿ ಕಾಲುಭಾಗ ಎತ್ತರಕ್ಕೆ ಪೆಟ್ರೋಲ್ ಇದ್ದರೆ ಇರುವುದು ಐದರಲ್ಲೊಂದು ಪಾಲು ಮಾತ್ರ. ಆದ್ದರಿಂದ ಹಳೇ ಟ್ಯಾಂಕಿನ ತೇಲುಬುರುಡೆಯನ್ನೂ ಅದರ ಕಡ್ಡಿಯನ್ನೂ ಗುಜರಿಗೆ ಹಾಕಬೇಡಿ.

ಗುಜರಿಯಿಂದ ತಂದ ಟ್ಯಾಂಕಿಗೆ ಸಣ್ಣ ತೂತಿದೆ, ‘ಖಾಲಿ ಇದೆ ಸಾರ್, ಒಂದು ಟಾಕಾ ಹಾಕ್ಸಿಬಿಡಿ’ ಎನ್ನುತ್ತಾರೆ. ಖಾಲಿ ಇರುವುದೇ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸರಿಸುಮಾರು ನೂರಕ್ಕೆ 1.4ರಿಂದ 7.6ರಷ್ಟು ಇದ್ದರೆ ಮಾತ್ರ ಸಿಡಿಯುತ್ತದೆ. ತುಂಬಿದ ಟ್ಯಾಂಕಿನ ಮೇಲ್ಭಾಗದಲ್ಲಿ ಆವಿ ಅದಕ್ಕಿಂತ ದಟ್ಟ, ಸಿಡಿಯಲು ಬೇಕಾದಷ್ಟು ಗಾಳಿ ಅಲ್ಲಿಲ್ಲ. ಖಾಲಿ ಮಾಡಿದರೆ ಗಾಳಿ ಬಂದು ಹದಕ್ಕೆ ಇಳಿಯುತ್ತದೆ. 50 ಲೀಟರ್ ಟ್ಯಾಂಕನ್ನು ಆ ಹದಕ್ಕೆ ತರಲು ಒಂದು ಟೀ ಚಮಚ ಪೆಟ್ರೋಲ್ ಸಾಕು. ಅಷ್ಟು ಪೆಟ್ರೋಲ್ ಬೆಸುಗೆಯ ಮಡಿಕೆಯಲ್ಲಿ, ತುಕ್ಕಿನ ಪದರದಡಿ ವರ್ಷಗಟ್ಟಲೆ ಅವಿತಿರಬಲ್ಲದು. ಮೂಸಿದರೆ ವಾಸನೆ ಬರುವುದಿಲ್ಲ, ಬೆಸುಗೆ ಟಾರ್ಚಿನ ಬಿಸಿ ತಾಗಿದಾಗ ಹೊರಬರುತ್ತದೆ. ಬಿಸಿನೀರು, ಸೋಪಿನಲ್ಲಿ ಮತ್ತೆ ಮತ್ತೆ ತೊಳೆದು, ಹಬೆ ಹಾಯಿಸಿ, ಕೆಲಸದ ಜಾಗದ ತನಕ ನೀರು ತುಂಬಿ, ಉಳಿದದ್ದಕ್ಕೆ ನೈಟ್ರೋಜನ್ ಹಾಯಿಸಿಯೇ ಬಲ್ಲವರು ಬೆಸುಗೆ ಹಾಕುವುದು. ಆ ವ್ಯವಸ್ಥೆ ಇಲ್ಲದ ಶೆಡ್ಡಿನಿಂದ ಟ್ಯಾಂಕ್ ಎತ್ತಿಕೊಂಡು ಬನ್ನಿ.

ನನ್ನ ಮಟ್ಟಿಗೆ, ತಳ ಜಾಳಾದ ಟ್ಯಾಂಕಿಗೆ ತೇಪೆ ಹಾಕುವುದಕ್ಕಿಂತ ಅದನ್ನೇ ಮಾದರಿಯಾಗಿಟ್ಟು ಹೊಸದು ಕಟ್ಟಿಸುವುದು ಮೇಲು. ಒಳಗೆ ತಾಮ್ರ ಬೇಡ, ಪೆಟ್ರೋಲನ್ನು ಬೇಗ ಅಂಟಾಗಿಸುತ್ತದೆ. ಕಟ್ಟಿದ್ದನ್ನು ಪರೀಕ್ಷಿಸಲು ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಬೇಡ. ಮೇಲೆ ಹೇಳಿದ 240 ಕಿಲೋ ಲೆಕ್ಕ ಒಳಗಿನಿಂದಲೂ ಅಷ್ಟೇ ನಿಜ. ಅದಕ್ಕಿಂತ ಕಡಿಮೆ ಒತ್ತಡ, ಸೋಪಿನ ನೊರೆ ಸಾಕು. ತುಂಬುವಾಗ ಮೇಲೆ ಜಾಗ ಬಿಡಿ, ಬೆಳಗಿನ ತಂಪಿನಲ್ಲಿ ತುಂಬಿದ 50 ಲೀಟರ್ ಮಧ್ಯಾಹ್ನ ಇಪ್ಪತ್ತು ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಲೀಟರ್ ಹಿಗ್ಗುತ್ತದೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲ್. ಅದು ನೀರನ್ನು ಹೀರುತ್ತದೆ, ಹಳೇ ರಬ್ಬರನ್ನು ಮೆದುಮಾಡುತ್ತದೆ, ಮಾಡೆಲ್ ಎ ಕಾಲದ ಕಾರ್ಕಿನ ತೇಲುಬುರುಡೆಗೆ ಬಳಿದ ಅರಗಿನ ಲೇಪವನ್ನು ಕರಗಿಸುತ್ತದೆ. ಲೇಪ ಹೋದ ಕಾರ್ಕ್ ಪೆಟ್ರೋಲ್ ಕುಡಿದು ಮುಳುಗುತ್ತದೆ.

ಕೊಯ್ಯುವ ಕತ್ತರಿ ಎತ್ತುವ ಮುನ್ನ 2021ರ ವಿಂಟೇಜ್ ವಾಹನ ನಿಯಮ ಓದಿ. ಐವತ್ತು ದಾಟಿದ ಕಾರಿಗೆ ‘ವಿಎ’ ಅಕ್ಷರದ ನೋಂದಣಿ ಬೇಕಿದ್ದರೆ ಚಾಸಿ, ಮೈ, ಎಂಜಿನ್ ಮೂಲರೂಪದಲ್ಲಿರಬೇಕು. ಪರಕೀಯ ಟ್ಯಾಂಕಿಗೆ ಜಾಗ ಮಾಡಲು ಡಿಕ್ಕಿಯ ತಳ ಕತ್ತರಿಸಿದರೆ ಆಮೇಲೆ ಉತ್ತರ ಹೇಳುವುದು ಕಷ್ಟ. ಕೊನೆಗೊಂದು ಕೋರಿಕೆ. ಲ್ಯಾಂಡ್‌ಮಾಸ್ಟರ್, ಸ್ಟಾಂಡರ್ಡ್ ಹೆರಾಲ್ಡ್, ಫಿಯೆಟ್ 1100, ಯಾವ ಕಾರಿನ ಟ್ಯಾಂಕನ್ನೇ ಕೆಳಗಿಳಿಸಿದರೂ ಅದನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಪ್ರತಿ ತೂತಿನ ಜಾಗ, ವ್ಯಾಸ, ತಿರುಪಿನ ಮರೆ ಎಷ್ಟಿದೆ ಎಂಬ ಲೆಕ್ಕ, ತೇಲುಬುರುಡೆ ಕೆಳಗಿದ್ದಾಗ ಮತ್ತು ಮೇಲಿದ್ದಾಗಿನ ಓಮ್, ಅಳತೆಕಡ್ಡಿಯಲ್ಲಿ ಐದೈದು ಲೀಟರಿಗೆ ಏರಿದ ಎತ್ತರ, ಎಲ್ಲ ಬರೆದಿಡಿ. ಗುಜರಿ ಅಂಗಡಿಯವನಿಗೆ ತೋರಿಸಲು ಒಂದು ಪ್ರತಿ ಜೇಬಿನಲ್ಲಿರಲಿ, ಇನ್ನೊಂದನ್ನು ಅದೇ ಕಾರಿಟ್ಟುಕೊಂಡ ಬೇರೊಬ್ಬರಿಗೆ ಕೊಡಿ.