ಹೊಸೂರು ರಸ್ತೆಯ ಅಜ್ಜ-ಅಜ್ಜಿಯರ ಮನೆ

“ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ತಪ್ಪೇ ಸಾರ್?” ಎಲೆಕ್ಟ್ರಾನಿಕ್ ಸಿಟಿ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ. ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಅಜ್ಜಿ ಹಗಲೆಲ್ಲ ಒಂಟಿ.

ಅವನು ನಗರಕ್ಕೆ ಬರುವ ಹೊಸೂರು ರಸ್ತೆಯಲ್ಲೇ, ರಿಚ್ಮಂಡ್ ಟೌನ್ ಬಳಿ, 1900ರಲ್ಲಿ ಆರಂಭವಾದ ವೃದ್ಧಾಶ್ರಮವೊಂದಿದೆ. ನಡೆಸುವವರು ‘ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಕ್ಯಾಥೊಲಿಕ್ ಸಂನ್ಯಾಸಿನಿಯರು. ಅದರ ಕತೆ ಹೇಳಿದೆ.

1839ರ ಚಳಿಗಾಲ. ಫ್ರಾನ್ಸಿನ ಸೇಂಟ್ ಸರ್ವಾನ್ ಪಟ್ಟಣದಲ್ಲಿ ಜಾನ್ ಜುಗಾನ್ ಎಂಬ 47ರ ಹೆಂಗಸು, ಮನೆಗೆಲಸ ಮಾಡಿ ಬದುಕಿದವಳು, ಕಣ್ಣು ಕಾಣದ, ಅರ್ಧ ಮೈ ಸ್ವಾಧೀನ ತಪ್ಪಿದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಮುದುಕಿಯರ ಸಂಖ್ಯೆ ಬೆಳೆದಾಗ ಬುಟ್ಟಿ ಹಿಡಿದು ಮನೆಮನೆ ಬೇಡಿದಳು. ಸೋದರಿಯರು 1882ರಲ್ಲಿ ಕೋಲ್ಕತ್ತಕ್ಕೆ, ಅನಂತರ ಬೆಂಗಳೂರಿಗೆ ಬಂದರು. ಬುಟ್ಟಿಯ ಪದ್ಧತಿಯೂ ಜೊತೆಗೇ ಬಂತು. ಪಾಪ, ಜಾನ್‌ಳನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿದ್ದರು. 1879ರಲ್ಲಿ ಆಕೆ ತೀರಿಕೊಂಡಾಗ, ಸಂಸ್ಥೆ ಕಟ್ಟಿದವಳು ಇವಳೇ ಎಂದು ಎಷ್ಟೋ ಸೋದರಿಯರಿಗೇ ಗೊತ್ತಿರಲಿಲ್ಲ! ಸಂತ ಪದವಿ ಸಿಕ್ಕಿದ್ದು 2009ರಲ್ಲಿ.

“ನೋಡಪ್ಪ, ಅದು ದಿಕ್ಕಿಲ್ಲದ ಬಡವರಿಗೆಂದು ಹುಟ್ಟಿದ ಮನೆ. ನಿಮ್ಮಜ್ಜಿಗೆ ನೀವಿದ್ದೀರಿ. ಸೇರಿಸುವ ಮಾತು ಆಮೇಲಾಯಿತು, ಮೊದಲು ಅವರನ್ನೇ ಕೇಳಿದ್ದೀರಾ?” ಎಂದೆ. ಕೇಳಿರಲಿಲ್ಲವಂತೆ.