ಸಾಹೇಬರು ಬರೆಯುವ ವರದಿ, ನೌಕರ ಆಡಬೇಕಾದ ಮಾತು

ನೌಕರನ ವರ್ಷದ ಕೆಲಸದ ಬಗ್ಗೆ ಮೇಲಧಿಕಾರಿ ಬರೆಯುವ ವರದಿಗೆ ಸರ್ಕಾರಿ ಕಚೇರಿಗಳಲ್ಲಿ ಈಗಲೂ ‘ಸಿ.ಆರ್.’ ಎಂದೇ ರೂಢಿ. ಗೋಪ್ಯ ವರದಿ ಎಂದು ಕರೆಯುತ್ತಿದ್ದ ಕಾಲದ ಹೆಸರು ಅದು. ರಾಜ್ಯದ ನಿಯಮಗಳಲ್ಲಿ ಈಗ ಅದರ ಹೆಸರು ಕಾರ್ಯನಿರ್ವಹಣಾ ವರದಿ. ನೇರ ಮೇಲಧಿಕಾರಿ ವರದಿ ಬರೆಯುತ್ತಾರೆ, ಅವರ ಮೇಲಿನವರು ಅದನ್ನು ಪರಿಶೀಲಿಸುತ್ತಾರೆ. ಬಡ್ತಿಯ ಪ್ರಶ್ನೆ ಬಂದಾಗ ಮೊದಲು ತೆರೆಯುವ ಕಡತ ಇದೇ.

ಈ ವರದಿ ನೌಕರನ ಕಣ್ಣಿಗೆ ಬೀಳದಿದ್ದರೆ ಆಗುವ ಅನ್ಯಾಯ ಎಂಥದ್ದೆಂಬುದಕ್ಕೆ ದೇವ್ ದತ್ ಪ್ರಕರಣ ಸಾಕ್ಷಿ. ಗಡಿ ರಸ್ತೆಗಳ ಸೇವೆಯಲ್ಲಿ ಎಂಜಿನಿಯರ್ ಆಗಿದ್ದ ಅವರಿಗೆ ಬಡ್ತಿ ಸಿಗಲು ಹಿಂದಿನ ಐದು ವರ್ಷವೂ ‘ಬಹಳ ಉತ್ತಮ’ ಎಂಬ ಷರಾ ಬೇಕಿತ್ತು. 1993-94ರಲ್ಲಿ ಮಾತ್ರ ‘ಉತ್ತಮ’ ಎಂದು ಬರೆದಿದ್ದರು. ಹೊಗಳಿಕೆಯಂತೆ ಕಾಣುವ ಆ ಒಂದು ಪದದಿಂದಲೇ ಬಡ್ತಿ ತಪ್ಪಿತು. ಅದು ಟೀಕೆಯಲ್ಲವೆಂಬ ಕಾರಣಕ್ಕೆ ಆ ಷರಾವನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ತಿಳಿದರೆ ತಾನೇ ತಿದ್ದಿಕೊಳ್ಳುವುದು, ತಿಳಿದರೆ ತಾನೇ ಆಕ್ಷೇಪಿಸುವುದು.

ಆದರೆ ವರ್ಷ ಮುಗಿದ ಮೇಲೆ ತಿಳಿಯುವ ಷರಾದಿಂದ ಕಳೆದ ವರ್ಷದ ಕೆಲಸ ಸುಧಾರಿಸುವುದಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಕಾಡಿನ ತಾಲ್ಲೂಕುಗಳಲ್ಲಿ ಈ ತೊಡಕು ಇನ್ನೂ ದೊಡ್ಡದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಗಸ್ತು ಅರಣ್ಯ ಪಾಲಕ ದಿನವಿಡೀ ನಡೆಯುವುದು ಸಾಹೇಬರ ಕಣ್ಣಳತೆಯಲ್ಲಲ್ಲ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಗಸ್ತಿನ ಹಾದಿಯನ್ನು ‘ಎಂ-ಸ್ಟ್ರೈಪ್ಸ್’ ಎಂಬ ಮೊಬೈಲ್ ವ್ಯವಸ್ಥೆ ದಾಖಲಿಸುತ್ತದೆ. ನಡೆದ ಕಿಲೋಮೀಟರು ಕಚೇರಿಯ ಪರದೆಯ ಮೇಲೆ ಮೂಡುತ್ತದೆ. ಗಸ್ತು ಕಡಿಮೆಯಾದದ್ದು ಅಲ್ಲಿ ಕಾಣುತ್ತದೆ, ಏಕೆ ಕಡಿಮೆಯಾಯಿತೆಂಬುದು ಕಾಣುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚು ಆರಿಸಲು ಹೋದ ದಿನಗಳಿರಬಹುದು, ಭತ್ತದ ಗದ್ದೆಗೆ ಇಳಿದ ಆನೆಗಳನ್ನು ಓಡಿಸಲು ಕಳೆದ ರಾತ್ರಿಗಳಿರಬಹುದು. ಅದನ್ನು ಆಯಾ ತಿಂಗಳೇ ಉಪ ವಲಯ ಅರಣ್ಯಾಧಿಕಾರಿಗೆ ಹೇಳಿ, ದಿನಚರಿಯಲ್ಲಿ ಬರೆದಿಡುವುದು ನೌಕರನ ಕೈಯಲ್ಲೇ ಇರುವ ಕೆಲಸ.

ಸಾರಿಗೆ ಘಟಕದ ಚಾಲಕನಿಗೆ ಅಳತೆಗೋಲು ‘ಕೆಎಂಪಿಎಲ್’, ಅಂದರೆ ಲೀಟರ್ ಡೀಸೆಲ್‌ಗೆ ಬಸ್ ಓಡಿದ ಕಿಲೋಮೀಟರು. ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದು ಕಾರವಾರ ಮುಟ್ಟಿ, ಮತ್ತೆ ಹತ್ತಿ ಬರುವ ಬಸ್ಸಿಗೂ ಹಳಿಯಾಳದಿಂದ ಧಾರವಾಡಕ್ಕೆ ಬಯಲಲ್ಲಿ ಓಡುವ ಬಸ್ಸಿಗೂ ಒಂದೇ ಅಂಕಿ ನಿರೀಕ್ಷಿಸುವುದು ನ್ಯಾಯವಲ್ಲ. ಇಂಥಲ್ಲಿ ‘ನನಗೆ ಅನ್ಯಾಯವಾಗಿದೆ’ ಎನ್ನುವುದಕ್ಕಿಂತ ‘ಇದೇ ಮಾರ್ಗದ ಬೇರೆ ಚಾಲಕರ ಅಂಕಿಯೊಡನೆ ಹೋಲಿಸಿ ನೋಡಿ ಸರ್’ ಎನ್ನುವುದಕ್ಕೆ ತೂಕ ಹೆಚ್ಚು.

ಮಾತಿನ ಫಲ ಕೇಳುವ ಬಗೆಯಲ್ಲಿದೆ. ‘ನನ್ನ ಕೆಲಸ ಹೇಗಿದೆ ಸರ್?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರ ಸಿಗುತ್ತದೆ, ಅದರಿಂದ ಪ್ರಯೋಜನವಿಲ್ಲ. ‘ಹೋದ ತಿಂಗಳ ವರದಿಯಲ್ಲಿ ಏನು ಕೊರತೆ ಇತ್ತು?’ ಎಂದರೆ ಅಧಿಕಾರಿ ಆ ಕಾಗದವನ್ನು ನೆನಪಿಸಿಕೊಂಡೇ ಉತ್ತರಿಸಬೇಕು. ಹೀಗೆ ಕೇಳಲು ವರದಿಯ ವರ್ಷ ಮುಗಿಯುವ ಮಾರ್ಚ್ ತನಕ ಕಾಯಬಾರದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೇಳಿದರೆ ತಿದ್ದಿಕೊಳ್ಳಲು ಅರ್ಧ ವರ್ಷ ಉಳಿದಿರುತ್ತದೆ. ಟೀಕೆ ಬಂದಾಗ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ, ಒಂದು ಉದಾಹರಣೆ ಕೊಡಿ ಎಂದು ವಿನಯದಿಂದ ಕೇಳುವುದು ಒಳ್ಳೆಯದು. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವವರು ಈ ತಾಲ್ಲೂಕುಗಳಲ್ಲಿ ಬಹಳ. ಕಚೇರಿಯ ಕನ್ನಡದಲ್ಲಿ ಮಾತು ತಡವರಿಸುವುದನ್ನು ಅಧಿಕಾರಿ ಅಸಡ್ಡೆಯೆಂದು ತಿಳಿಯಬಾರದು. ಎಲ್ಲರೆದುರು ಬೈಯುವ ಅಧಿಕಾರಿಯ ಹೊಣೆಯೂ ಇಲ್ಲಿದೆ: ಹಾಗೆ ಬೈದರೆ ನೌಕರನಿಗೆ ನೆನಪುಳಿಯುವುದು ಅವಮಾನ, ತಪ್ಪಲ್ಲ.

ಕಾರ್ಖಾನೆಯ ಲೆಕ್ಕ ಬೇರೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಂಥ ದೊಡ್ಡ ಉದ್ದಿಮೆಗಳಿಗೆ ಸರ್ಕಾರಿ ವರದಿಯ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ ಕಾರ್ಮಿಕ ಗುರುತಿಸಬೇಕಾದ ವ್ಯತ್ಯಾಸ ಒಂದಿದೆ. ಪಾಳಿಯ ಸೂಪರ್‌ವೈಸರ್ ಬಾಯಿಮಾತಿನಲ್ಲಿ ಹೇಳುವುದು ಸಲಹೆ, ಕೈಗೆ ಬರುವ ಮೆಮೊ ಆಪಾದನೆ. ದುರ್ನಡತೆಯ ಮೇಲೆ ವಜಾ ಮಾಡುವ ಮೊದಲು ಆಪಾದನೆಯನ್ನು ಲಿಖಿತವಾಗಿ ತಿಳಿಸಿ ವಿವರಣೆಗೆ ಅವಕಾಶ ಕೊಡಬೇಕೆಂಬ ಕಟ್ಟಳೆ 1946ರ ಸ್ಥಾಯೀ ಆದೇಶಗಳ ಕಾಯ್ದೆಯ ಕಾಲದಿಂದ ಬಂದದ್ದು. ಮೆಮೊಗೆ ಮೌನ ಉತ್ತರವಾಗದು.

ಇನ್ನು ಸರ್ಕಾರಿ ನೌಕರನಿಗೆ ವರದಿಯ ಷರಾ ಒಪ್ಪಿಗೆಯಾಗದಿದ್ದರೆ ಉಳಿಯುವ ದಾರಿ ಮನವಿ. ಅಂಚೆ ಕಚೇರಿಯ ಸಿಬ್ಬಂದಿಯಂಥ ಕೇಂದ್ರ ನೌಕರರಿಗೆ 2009ರ ಆದೇಶದಂತೆ ಪೂರ್ತಿ ವರದಿಯನ್ನೇ ತೋರಿಸಬೇಕು. ಮನವಿ ಸಲ್ಲಿಸಲು 15 ದಿನಗಳ ಅವಕಾಶವಿದೆ. ಮನವಿಯಲ್ಲಿ ಅಧಿಕಾರಿಯ ಉದ್ದೇಶವನ್ನು ಶಂಕಿಸದೆ, ಯಾವ ಷರಾ, ಅದಕ್ಕೆ ವಿರುದ್ಧವಾದ ದಾಖಲೆ ಯಾವುದು, ಯಾವ ಬದಲಾವಣೆ ಬೇಕು ಎಂಬುದನ್ನಷ್ಟೇ ತಾರೀಖಿನೊಂದಿಗೆ ಬರೆದು, ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಮನವಿ ತಲುಪಿದ 30 ದಿನಗಳಲ್ಲಿ ಅದರ ಮೇಲೆ ತೀರ್ಮಾನವಾಗಬೇಕೆಂದು ಅದೇ ಆದೇಶ ಹೇಳುತ್ತದೆ.