‘ಕಸಿನ್’ ಎಂದರೆ ಯಾರು?

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನ ಬಳಿ ಇಂಗ್ಲಿಷ್ ಕಲಿಯಲು ಬರುವ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ಮೈ ಕಸಿನ್ ಬ್ರದರ್’ ಎಂದು ಬರೆದಿದ್ದಳು. ನಾನು ‘ಬ್ರದರ್’ ಪದವನ್ನು ಹೊಡೆದುಹಾಕಿದೆ. ಮರುದಿನ ಅವಳ ತಾಯಿ ಬಂದು ಕೇಳಿದರು: “ಅಂವ ನನ್ನ ಅಕ್ಕನ ಮಗಾರೀ. ಈಕಿಗೆ ಅಣ್ಣ ಆಗಬೇಕಲ್ರೀ? ಬ್ರದರ್ ಅಂದ್ರ ತಪ್ಪೇನು?”

ಪ್ರಶ್ನೆ ಸಣ್ಣದು. ಆದರೆ ಉತ್ತರ ವ್ಯಾಕರಣಕ್ಕೆ ಮುಗಿಯುವುದಿಲ್ಲ.

ಮೊದಲು ವ್ಯಾಕರಣವನ್ನೇ ನೋಡೋಣ. ತಂದೆ ಅಥವಾ ತಾಯಿಯ ಒಡಹುಟ್ಟಿದವರ ಮಕ್ಕಳೆಲ್ಲರಿಗೂ ಇಂಗ್ಲಿಷಿನಲ್ಲಿ ‘ಕಸಿನ್’ ಎಂಬ ಒಂದೇ ಪದ. ಹುಡುಗನಿಗೂ ಅದೇ, ಹುಡುಗಿಗೂ ಅದೇ. ‘ಕಸಿನ್ ಬ್ರದರ್’, ‘ಕಸಿನ್ ಸಿಸ್ಟರ್’ ನಮ್ಮ ದೇಶದ ರೂಢಿ. ಪರೀಕ್ಷೆಯಲ್ಲಿ ‘ಮೈ ಕಸಿನ್’ ಎಂದಷ್ಟೇ ಬರೆದರೆ ಸಾಕು. ಮುಂದಿನ ವಾಕ್ಯದ ‘ಹೀ’ ಅಥವಾ ‘ಶೀ’ ಉಳಿದುದನ್ನು ತಿಳಿಸುತ್ತದೆ. ಬಹುವಚನ ‘ಕಸಿನ್ಸ್’. ಇಬ್ಬರು ಕಸಿನ್‌ಗಳ ಮಕ್ಕಳು ಪರಸ್ಪರ ‘ಸೆಕೆಂಡ್ ಕಸಿನ್’ ಆಗುತ್ತಾರೆ.

ಈ ಪದದ ಮೂಲ ಲ್ಯಾಟಿನ್. ಅಲ್ಲಿ ಅದು ಮೊದಲು ತಾಯಿಯ ಸಹೋದರಿಯ ಮಕ್ಕಳಿಗೆ, ಅಂದರೆ ನಮ್ಮ ಖಾಲಾಜಾದ್ ಸಂಬಂಧಕ್ಕೆ ಸಲ್ಲುತ್ತಿತ್ತು. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಆ ಭೇದ ಅಳಿದುಹೋಗಿತ್ತು. ನಮ್ಮ ಮನೆಗಳಲ್ಲಿ ಅದು ಇನ್ನೂ ಉಳಿದಿದೆ: ಚಚಾಜಾದ್, ಫುಫೀಜಾದ್, ಮಾಮೂಜಾದ್, ಖಾಲಾಜಾದ್. ಪವಿತ್ರ ಕುರ್‌ಆನಿನ ಅಲ್ ಅಹ್‌ಝಾಬ್ ಅಧ್ಯಾಯದ 50ನೇ ಸೂಕ್ತದಲ್ಲಿಯೂ ಈ ನಾಲ್ಕು ಸಂಬಂಧಗಳ ಪ್ರಸ್ತಾಪ ಬೇರೆ ಬೇರೆಯಾಗಿಯೇ ಬಂದಿದೆ. ಹಝ್ರತ್ ಅಲಿ(ರ) ಪ್ರವಾದಿವರ್ಯರ(ಸ) ತಂದೆಯ ಸಹೋದರನ ಮಗ. ಹಝ್ರತ್ ಝೈನಬ್ ಬಿಂತಿ ಜಹ್ಶ್(ರ) ಸೋದರತ್ತೆಯ ಮಗಳು, ಮುಂದೆ ಪ್ರವಾದಿಪತ್ನಿ. ಇಂಗ್ಲಿಷಿನ ಚರಿತ್ರೆಗಳಲ್ಲಿ ಇಬ್ಬರೂ ‘ಕಸಿನ್’!

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ವಿವಾಹ ನಿಷಿದ್ಧರಾದವರ ಪಟ್ಟಿ ಅನ್ನಿಸಾ ಅಧ್ಯಾಯದ 23ನೇ ಸೂಕ್ತದಲ್ಲಿದೆ. ಚಚಾ, ಖಾಲಾ, ಮಾಮೂ, ಫುಫೀಯರ ಮಕ್ಕಳು ಅದರಲ್ಲಿಲ್ಲ. ಆದ್ದರಿಂದ ಖಾಲಾಜಾದ್ ಭಾಯಿ ಮಹ್ರಮ್ ಅಲ್ಲ. ಹುಡುಗಿ ಶೈಶವದಲ್ಲಿ ಖಾಲಾಳ ಹಾಲು ಕುಡಿದಿದ್ದರೆ ಆತ ಹಾಲು ಸಂಬಂಧದಿಂದ ಸಹೋದರನಾಗುತ್ತಾನೆ. ಪ್ರೀತಿಯಿಂದ ಅಣ್ಣ ಎಂದು ಕರೆಯಲು ಅಡ್ಡಿಯಿಲ್ಲ. ಆದರೆ ಕರೆಯುವ ಮಾತ್ರಕ್ಕೆ ಮರ್ಯಾದೆಯ ಗೆರೆ ಅಳಿಸುವುದಿಲ್ಲ.

ಆಸ್ತಿಯ ವಿಷಯದಲ್ಲಂತೂ ಈ ವ್ಯತ್ಯಾಸ ಬಹಳ ದೊಡ್ಡದು. ಒಬ್ಬರು ಪತ್ನಿ ಮತ್ತು ಒಬ್ಬಳೇ ಮಗಳನ್ನು ಬಿಟ್ಟು ತೀರಿಕೊಂಡರೆನ್ನಿ. ಅವರಿಬ್ಬರನ್ನು ಬಿಟ್ಟರೆ ‘ಕಸಿನ್’ ಒಬ್ಬನೇ ಬಂಧು. ಹನಫಿ ವಿಧಿಯಂತೆ ಪತ್ನಿಗೆ ಎಂಟನೇ ಒಂದು ಪಾಲು, ಮಗಳಿಗೆ ಅರ್ಧ. ಆ ‘ಕಸಿನ್’ ತಂದೆಯ ಒಡಹುಟ್ಟಿದ ಸಹೋದರನ ಮಗನಾದರೆ, ಉಳಿದ ಎಂಟನೇ ಮೂರು ಪಾಲು ಅವನದು. ಖಾಲಾಳ ಮಗನಾದರೆ ಅವನಿಗೆ ಏನೂ ಇಲ್ಲ. ಆ ಪಾಲೂ ಮಗಳಿಗೇ ಮರಳುತ್ತದೆ. ಕಾಗದದಲ್ಲಿ ಬರೀ ‘ಕಸಿನ್’ ಎಂದಿದ್ದರೆ ಓದಿದವರಿಗೆ ತಿಳಿಯುವುದು ಹೇಗೆ? ವಂಶಾವಳಿ, ಅರ್ಜಿಗಳಿಗೆ ಸಹಿ ಹಾಕುವ ಮೊದಲು ‘ತಂದೆಯ ತಮ್ಮನ ಮಗ’, ‘ತಾಯಿಯ ಅಕ್ಕನ ಮಗ’ ಎಂದು ಬಿಡಿಸಿ ಬರೆಸಿರಿ.

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿದಾಗ ಒಂದೇ ಓಣಿಯಲ್ಲಿದ್ದ ಬಳಗ ಬೇರೆ ಬೇರೆ ಕಡೆಗೆ ಚದುರಿತು. ಅಂದು ಮಕ್ಕಳು ಅಂಗಳದಲ್ಲಿ ಆಡುತ್ತಲೇ ಸಂಬಂಧಗಳನ್ನು ಕಲಿಯುತ್ತಿದ್ದರು. ಇಂದು ಈದ್ ದಿನ ಭೇಟಿಯಾದವರೆಲ್ಲ ಅವರ ಪಾಲಿಗೆ ‘ಕಸಿನ್’.

ಸಹೋದರಿಯರೇ, ಮಕ್ಕಳು ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಮನೆಗೆ ಬಂದ ಬಂಧುವನ್ನು ‘ಇವನು ನಿನ್ನ ಕಸಿನ್’ ಎಂದು ಪರಿಚಯಿಸಿ ಸುಮ್ಮನಾಗಬೇಡಿ. ಯಾರ ಮಗ, ಹೇಗೆ ಸಂಬಂಧ ಎಂಬುದನ್ನೂ ಹೇಳಿರಿ. ಸಂಬಂಧದ ಹಕ್ಕನ್ನು ಸಲ್ಲಿಸಬೇಕಾದರೆ ಮೊದಲು ಸಂಬಂಧ ಗೊತ್ತಿರಬೇಕಲ್ಲವೇ?